ವೆಬ್ ಅನ್ವಯಗಳಲ್ಲಿ ಥೀಮ್ ಆಯ್ಕೆ

ಥೀಮ್ ಆಯ್ಕೆ ಎಂದರೆ ಒಂದು ವೆಬ್ ಅನ್ವಯದ ಬಣ್ಣ, ಅಕ್ಷರಶೈಲಿ, ಅಂತರ ಹಾಗೂ ಕೆಲವೊಮ್ಮೆ ಪುಟದ ಒಟ್ಟು ವಿನ್ಯಾಸವನ್ನು ಬಳಕೆದಾರರೇ ತಮಗೆ ಬೇಕಾದಂತೆ ಆರಿಸಿಕೊಳ್ಳಲು ಅನುವು ಮಾಡಿಕೊಡುವ ವ್ಯವಸ್ಥೆ. ಆಯ್ಕೆಯನ್ನು ಬದಲಿಸಿದಾಗ ಪುಟದ ತೋರಿಕೆ ಬದಲಾಗುತ್ತದೆ. ಪುಟದಲ್ಲಿರುವ ಮಾಹಿತಿಯಾಗಲಿ ಅನ್ವಯವು ಮಾಡುವ ಕೆಲಸವಾಗಲಿ ಬದಲಾಗುವುದಿಲ್ಲ. ಇಂದು ಹೆಚ್ಚು ಬಳಕೆಯಲ್ಲಿರುವ ತಿಳಿ ಮತ್ತು ಗಾಢ ಬಣ್ಣದ ಥೀಮ್‌ಗಳು ಇದರ ಅತ್ಯಂತ ಸರಳ ರೂಪಗಳು.

ಮೇಲ್ನೋಟಕ್ಕೆ ಇದು ಅಲಂಕಾರದ ವಿಷಯವಾಗಿ ಕಂಡರೂ, ದೃಷ್ಟಿದೋಷವುಳ್ಳ ಓದುಗರು ಒಂದು ಪುಟವನ್ನು ಓದಬಲ್ಲರೋ ಇಲ್ಲವೋ ಎಂಬುದು ಹಲವು ಬಾರಿ ಈ ಸೌಲಭ್ಯವನ್ನೇ ಅವಲಂಬಿಸಿರುತ್ತದೆ. ತಾಂತ್ರಿಕವಾಗಿ ಇದರ ಯಶಸ್ಸಿಗೆ ಒಂದು ಷರತ್ತಿದೆ: ಮಾಹಿತಿ ಮತ್ತು ತೋರಿಕೆ ಪರಸ್ಪರ ಬೇರ್ಪಟ್ಟಿರಬೇಕು. ಈ ಬೇರ್ಪಡೆ ಸಡಿಲವಾಗಿರುವ ಕಡೆಗಳಲ್ಲೆಲ್ಲ ಥೀಮ್ ಬದಲಾವಣೆಯು ಪುಟವನ್ನು ಕೆಡಿಸುತ್ತದೆ.

ಪರಿಭಾಷೆ

ಟೆಂಪ್ಲೇಟ್ ಎಂಬುದು ಪುಟದ ಅಚ್ಚು. ಅದರಲ್ಲಿ ಸ್ಥಿರವಾದ ಎಚ್‌ಟಿಎಮ್‌ಎಲ್ ಭಾಗಗಳೂ ಮಾಹಿತಿಯನ್ನು ತುಂಬಬೇಕಾದ ಖಾಲಿ ಜಾಗಗಳೂ ಇರುತ್ತವೆ. ಸರ್ವರ್ ಪ್ರತಿಯೊಂದು ಕೋರಿಕೆಗೂ ದತ್ತಸಂಚಯದಿಂದ ಮಾಹಿತಿಯನ್ನು ತೆಗೆದು ಈ ಅಚ್ಚಿನಲ್ಲಿ ತುಂಬಿ ಪುಟವನ್ನು ಸಿದ್ಧಪಡಿಸುತ್ತದೆ. ಸಿಎಸ್‌ಎಸ್ ಭಾಷೆಯಲ್ಲಿ ಬರೆದ ಶೈಲಿ ಹಾಳೆಯು ಆ ಪುಟ ಹೇಗೆ ಕಾಣಬೇಕೆಂಬುದನ್ನು ಬ್ರೌಸರಿಗೆ ತಿಳಿಸುತ್ತದೆ. ಥೀಮ್ ಎನ್ನುವುದು ಕೇವಲ ಒಂದು ಶೈಲಿ ಹಾಳೆಯಾಗಿರಬಹುದು, ಅಥವಾ ಟೆಂಪ್ಲೇಟ್, ಶೈಲಿ ಹಾಳೆ, ಚಿತ್ರ, ಅಕ್ಷರಶೈಲಿಗಳೆಲ್ಲವೂ ಸೇರಿದ ಕಟ್ಟಾಗಿರಬಹುದು. ಕೆಲವು ತಂತ್ರಾಂಶಗಳು ಇದನ್ನೇ ಸ್ಕಿನ್ ಎಂದು ಕರೆಯುತ್ತವೆ.

ಆಯ್ಕೆಯ ಅಧಿಕಾರ ಯಾರದು ಎಂಬುದನ್ನು ಗಮನಿಸುವುದು ಅಗತ್ಯ. 2005ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ 1.5ನೆಯ ಆವೃತ್ತಿಯಿಂದ ಜನಪ್ರಿಯವಾದ ಥೀಮ್‌ಗಳನ್ನು ಆರಿಸುವವರು ಜಾಲತಾಣದ ಒಡೆಯರು. ಬಂದ ಓದುಗರೆಲ್ಲರಿಗೂ ಕಾಣುವುದು ಅದೊಂದೇ ರೂಪ. ಈ ಲೇಖನದ ವಿಷಯ ಅದಲ್ಲ. ಒಂದೇ ಕ್ಷಣದಲ್ಲಿ ಒಂದೇ ಪುಟವನ್ನು ಇಬ್ಬರು ಓದುಗರು ಎರಡು ರೂಪಗಳಲ್ಲಿ ಕೇಳಿದಾಗ ಅನ್ವಯವು ಇಬ್ಬರಿಗೂ ಸರಿಯಾದುದನ್ನು ಕೊಡಬೇಕಾಗುವ ಸಂದರ್ಭವನ್ನು ಇಲ್ಲಿ ವಿವರಿಸಲಾಗಿದೆ. ತೊಡಕುಗಳೆಲ್ಲ ಹುಟ್ಟುವುದು ಈ ‘ಇಬ್ಬರಿಗೆ ಎರಡು’ ಎಂಬುದರಿಂದಲೇ.

ಇತಿಹಾಸ

ಓದುಗರಿಗೂ ತೋರಿಕೆಯ ಮೇಲೆ ಹಕ್ಕಿದೆ ಎಂಬ ವಿಚಾರ ಸಿಎಸ್‌ಎಸ್‌ನಷ್ಟೇ ಹಳೆಯದು. 1994ರ ಅಕ್ಟೋಬರ್ 10ರಂದು ಹೋಕನ್ ವಿಯುಮ್ ಲೀ ಅವರು ಮಂಡಿಸಿದ ಮೊದಲ ಪ್ರಸ್ತಾವದಲ್ಲಿ ಲೇಖಕರ ಶೈಲಿಗೂ ಓದುಗರ ಶೈಲಿಗೂ ಎಷ್ಟೆಷ್ಟು ಪಾಲು ಸಲ್ಲಬೇಕೆಂಬುದನ್ನು ಶೇಕಡಾವಾರು ಸೂಚಿಸುವ ಕ್ರಮವಿತ್ತು. ಈ ಹಂಚಿಕೆ ಮುಂದೆ ಉಳಿಯಲಿಲ್ಲ. 1996ರ ಡಿಸೆಂಬರಿನಲ್ಲಿ ಶಿಫಾರಸಾಗಿ ಪ್ರಕಟವಾದ ಸಿಎಸ್‌ಎಸ್‌ನ ಮೊದಲ ಹಂತದಲ್ಲಿ, ‘ಮುಖ್ಯ’ ಎಂದು ಗುರುತಿಸಿದ ನಿಯಮಗಳ ನಡುವೆ ಘರ್ಷಣೆಯಾದರೆ ಲೇಖಕರ ಮಾತೇ ನಡೆಯುತ್ತಿತ್ತು. 1998ರ ಮೇ ತಿಂಗಳಲ್ಲಿ ಬಂದ ಎರಡನೆಯ ಹಂತವು ಇದನ್ನು ತಿರುವುಮುರುವು ಮಾಡಿ, ಓದುಗರು ‘ಮುಖ್ಯ’ ಎಂದು ಗುರುತಿಸಿದ ನಿಯಮಕ್ಕೆ ಮೇಲುಗೈ ನೀಡಿತು. ದೊಡ್ಡ ಅಕ್ಷರ ಅಥವಾ ನಿರ್ದಿಷ್ಟ ಬಣ್ಣಗಳ ಅಗತ್ಯವಿರುವವರ ಅನುಕೂಲವೇ ಈ ಬದಲಾವಣೆಯ ಕಾರಣ.

ಈ ನಡುವೆ ಎಚ್‌ಟಿಎಮ್‌ಎಲ್ 4 ಪ್ರಮಾಣಕವು ಒಂದೇ ಪುಟಕ್ಕೆ ಹಲವು ‘ಪರ್ಯಾಯ ಶೈಲಿ ಹಾಳೆ’ಗಳನ್ನು ಹೆಸರು ಸಹಿತ ಜೋಡಿಸುವ ವಿಧಾನವನ್ನು ಒದಗಿಸಿತ್ತು. ಬ್ರೌಸರ್ ಆ ಹೆಸರುಗಳನ್ನು ಪಟ್ಟಿಯಾಗಿ ತೋರಿಸಿದರೆ ಓದುಗರು ಬೇಕಾದುದನ್ನು ಆರಿಸಬಹುದು ಎಂಬುದು ಆಶಯ. ಫೈರ್‌ಫಾಕ್ಸ್ ಇಂಥ ಪಟ್ಟಿಯನ್ನು ತನ್ನ ಮೆನುವಿನಲ್ಲಿ ಇಟ್ಟಿತಾದರೂ ಮುಂದಿನ ಪುಟಕ್ಕೆ ಹೋದೊಡನೆ ಆ ಆಯ್ಕೆ ಮರೆತುಹೋಗುತ್ತಿತ್ತು. ಕ್ರೋಮ್ ಅಂಥ ಮೆನುವನ್ನೇ ನೀಡಲಿಲ್ಲ. ಓದುಗರು ತಮ್ಮದೇ ಶೈಲಿ ಹಾಳೆಯನ್ನು ಕಡತವಾಗಿ ಇಟ್ಟುಕೊಳ್ಳುವ ಅವಕಾಶವನ್ನೂ ಕ್ರೋಮ್ 2014ರ ಆರಂಭದಲ್ಲಿ ಕೈಬಿಟ್ಟಿತು. ಹೀಗೆ ಪ್ರಮಾಣಕಗಳು ಬ್ರೌಸರಿಗೆ ವಹಿಸಿದ್ದ ಹೊಣೆ ಕಾಲಕ್ರಮದಲ್ಲಿ ಜಾಲತಾಣ ಕಟ್ಟುವವರ ಹೆಗಲಿಗೆ ಬಂದಿತು. 2001ರಲ್ಲಿ ಪಾಲ್ ಸೌಡೆನ್ ಅವರು ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ಜಾವಾಸ್ಕ್ರಿಪ್ಟ್ ಮತ್ತು ಕುಕಿಯ ನೆರವಿನಿಂದ ಶೈಲಿ ಹಾಳೆಯನ್ನು ಬದಲಿಸಿ ನೆನಪಿಡುವ ಕ್ರಮವನ್ನು ವಿವರಿಸಿದರು. ಮುಂದೆ ಬಂದ ಅನೇಕ ‘ಥೀಮ್ ಬದಲಿಸಿ’ ಗುಂಡಿಗಳ ಮೂಲ ಯುಕ್ತಿ ಇದೇ.

2003ರಲ್ಲಿ ಡೇವ್ ಶೇ ಆರಂಭಿಸಿದ ‘ಸಿಎಸ್‌ಎಸ್ ಝೆನ್ ಗಾರ್ಡನ್’ ತಾಣವು ಒಂದೇ ಎಚ್‌ಟಿಎಮ್‌ಎಲ್ ಕಡತವನ್ನು ಒಂದಕ್ಷರವೂ ತಿದ್ದದೆ, ಶೈಲಿ ಹಾಳೆಯನ್ನಷ್ಟೇ ಬದಲಿಸಿ, ಒಂದಕ್ಕೊಂದು ಹೋಲದ ಅನೇಕ ವಿನ್ಯಾಸಗಳನ್ನು ಪ್ರದರ್ಶಿಸಿತು. ಮಾಹಿತಿ ಮತ್ತು ತೋರಿಕೆಯನ್ನು ಬೇರ್ಪಡಿಸುವುದು ಪುಸ್ತಕದ ಮಾತಲ್ಲ, ಸಾಧ್ಯವಿರುವ ಕೆಲಸ ಎಂಬುದಕ್ಕೆ ವಿನ್ಯಾಸಕಾರರು ಬಹುಕಾಲ ತೋರಿಸುತ್ತಿದ್ದ ನಿದರ್ಶನ ಇದು.

ಮುಂದಿನ ದೊಡ್ಡ ತಿರುವು ಕಾರ್ಯಾಚರಣ ವ್ಯವಸ್ಥೆಗಳಿಂದ ಬಂದಿತು. 2018ರ ಸೆಪ್ಟೆಂಬರಿನಲ್ಲಿ ಮ್ಯಾಕ್‌ಒಎಸ್ ಮೊಹಾವೆ, ಮರುವರ್ಷ ಐಒಎಸ್ 13 ಮತ್ತು ಆಂಡ್ರಾಯ್ಡ್ 10 ಗಾಢ ರೂಪವನ್ನು ಇಡೀ ಸಾಧನಕ್ಕೆ ಅನ್ವಯಿಸುವ ಅವಕಾಶ ನೀಡಿದವು. ಬಳಕೆದಾರರು ಸಾಧನದಲ್ಲಿ ಮಾಡಿದ ಆಯ್ಕೆಯನ್ನು ವೆಬ್ ಪುಟಕ್ಕೆ ತಿಳಿಸುವ ‘ಪ್ರಿಫರ್ಸ್-ಕಲರ್-ಸ್ಕೀಮ್’ ಎಂಬ ಸಿಎಸ್‌ಎಸ್ ಸೌಲಭ್ಯವು 2019ರಲ್ಲಿ ಸಫಾರಿ 12.1, ಫೈರ್‌ಫಾಕ್ಸ್ 67 ಮತ್ತು ಕ್ರೋಮ್ 76ನೆಯ ಆವೃತ್ತಿಗಳಲ್ಲಿ ಸೇರಿತು.

ಟೆಂಪ್ಲೇಟ್ ಮಟ್ಟದ ಥೀಮ್‌ಗಳು

ಹಳೆಯ ಹಾಗೂ ಹೆಚ್ಚು ಶಕ್ತಿಯುತವಾದ ವಿಧಾನವೆಂದರೆ ಪ್ರತಿಯೊಂದು ಥೀಮ್‌ಗೂ ಟೆಂಪ್ಲೇಟುಗಳ ಪ್ರತ್ಯೇಕ ಕಡತಕೋಶವನ್ನು ಇಡುವುದು. ಕೋರಿಕೆ ಬಂದಾಗ ಸರ್ವರ್ ಮೊದಲು ಬಳಕೆದಾರರ ಥೀಮ್ ಯಾವುದೆಂದು ನಿರ್ಣಯಿಸಿ, ಆ ಕೋಶದಲ್ಲಿ ಟೆಂಪ್ಲೇಟನ್ನು ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಸಾಮಾನ್ಯ ಕೋಶದಲ್ಲಿರುವುದನ್ನು ಬಳಸುತ್ತದೆ. ಈ ಎರಡನೆಯ ಹುಡುಕಾಟವೇ ಇಲ್ಲಿನ ಜೀವಾಳ. ಅದಿದ್ದರೆ ಥೀಮ್ ರಚಿಸುವವರು ತಾವು ಬದಲಿಸಬೇಕೆಂದಿರುವ ಒಂದೆರಡು ಕಡತಗಳನ್ನಷ್ಟೇ ಬರೆದರೆ ಸಾಕು.

ಹಲವು ಚೌಕಟ್ಟುಗಳು ಇದಕ್ಕೆ ತಮ್ಮವೇ ಏರ್ಪಾಡುಗಳನ್ನು ಹೊಂದಿವೆ. 2005ರಲ್ಲಿ ಬಂದ ಎಎಸ್‌ಪಿ.ನೆಟ್ 2.0ರಲ್ಲಿ ಥೀಮನ್ನು ಪುಟದ ಜೀವನಚಕ್ರದ ಮೊಟ್ಟಮೊದಲ ಹಂತವಾದ ‘ಪ್ರಿಇನಿಟ್’ನಲ್ಲಿಯೇ ಗೊತ್ತುಪಡಿಸಬೇಕಿತ್ತು, ತಡವಾದರೆ ತಂತ್ರಾಂಶವು ದೋಷ ತೋರಿಸುತ್ತಿತ್ತು. ಜಾವಾದ ಸ್ಪ್ರಿಂಗ್ ಚೌಕಟ್ಟಿನಲ್ಲಿ ಥೀಮಿನ ಹೆಸರನ್ನು ಕುಕಿಯಿಂದಲೋ ಸೆಷನ್‌ನಿಂದಲೋ ಓದುವ ಸಿದ್ಧ ಘಟಕಗಳಿದ್ದವು. 6.0ನೆಯ ಆವೃತ್ತಿಯಲ್ಲಿ ಅವನ್ನು ಬಳಕೆಯಿಂದ ಹಿಂತೆಗೆಯಬೇಕಾದವು ಎಂದು ಗುರುತಿಸಿ, ಸಿಎಸ್‌ಎಸ್ ಅನ್ನೇ ನೆಚ್ಚುವಂತೆ ಸೂಚಿಸಲಾಯಿತು. ಡ್ರೂಪಲ್ ಕೂಡ ತನ್ನ 6ನೆಯ ಆವೃತ್ತಿಯವರೆಗೆ ಬಳಕೆದಾರರಿಗೆ ನೀಡುತ್ತಿದ್ದ ಥೀಮ್ ಆಯ್ಕೆಯನ್ನು 7ನೆಯದರಲ್ಲಿ ಮೂಲ ತಂತ್ರಾಂಶದಿಂದ ತೆಗೆಯಿತು.

ಪೈಥಾನ್ ಭಾಷೆಯ ಜಾಂಗೊ ಚೌಕಟ್ಟಿನಲ್ಲಿ ಇಂಥ ಸಿದ್ಧ ಘಟಕವಿಲ್ಲದಿದ್ದರೂ ಬೇಕಾದ ಸಲಕರಣೆಗಳಿವೆ. ಒಂದು ಟೆಂಪ್ಲೇಟು ಇನ್ನೊಂದನ್ನು ಆಧಾರವಾಗಿ ವಿಸ್ತರಿಸುವಾಗ ಆ ಆಧಾರದ ಹೆಸರನ್ನು ವೇರಿಯಬಲ್ ಮೂಲಕ ಕೊಡಬಹುದು. ಹೀಗಾಗಿ ಬಳಕೆದಾರರಿಗೆ ತಕ್ಕಂತೆ ಆಧಾರ ಪುಟವನ್ನು ಬದಲಿಸಬಹುದು. ಹೆಸರುಗಳ ಪಟ್ಟಿಯನ್ನು ಕೊಟ್ಟು ಮೊದಲು ಸಿಕ್ಕಿದ್ದನ್ನು ಬಳಸುವ ಸೌಲಭ್ಯವೂ ಇದೆ. ಆದರೆ ಇಲ್ಲೊಂದು ಗುಪ್ತ ಅಪಾಯವುಂಟು. ವೇಗಕ್ಕಾಗಿ ಜಾಂಗೊ ಒಮ್ಮೆ ಓದಿದ ಟೆಂಪ್ಲೇಟನ್ನು ಅದರ ಹೆಸರಿನ ಮೇಲೆ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಟೆಂಪ್ಲೇಟಿನ ಹೆಸರು ಒಂದೇ ಆಗಿದ್ದು, ಅದನ್ನು ಹುಡುಕುವ ಕೋಶವನ್ನು ಮಾತ್ರ ತೆರೆಮರೆಯಲ್ಲಿ ಬದಲಿಸಿದರೆ, ಮೊದಲು ಬಂದ ಬಳಕೆದಾರರ ಥೀಮ್ ಅನಂತರ ಬಂದವರೆಲ್ಲರಿಗೂ ಅಂಟಿಕೊಳ್ಳುತ್ತದೆ. ಅಭಿವೃದ್ಧಿಯ ಹಂತದಲ್ಲಿ, ಒಬ್ಬರೇ ಪರೀಕ್ಷಿಸುವಾಗ, ಈ ದೋಷ ಕಣ್ಣಿಗೆ ಬೀಳದೆಯೂ ಇರಬಹುದು. ಥೀಮಿನ ಹೆಸರನ್ನು ಟೆಂಪ್ಲೇಟಿನ ಹೆಸರಿನಲ್ಲಿಯೇ ಸೇರಿಸುವುದು ಇದಕ್ಕೆ ನೇರವಾದ ಪರಿಹಾರ.

ಟೆಂಪ್ಲೇಟ್ ಮಟ್ಟದ ಥೀಮ್‌ಗಳ ನಿಜವಾದ ಬೆಲೆ ನಿರ್ವಹಣೆಯಲ್ಲಿದೆ. ಉದಾಹರಣೆಗೆ, 40 ಟೆಂಪ್ಲೇಟುಗಳ ಒಂದು ಅನ್ವಯಕ್ಕೆ 5 ಪೂರ್ಣ ಥೀಮ್‌ಗಳಿದ್ದರೆ ಕಡತಗಳ ಸಂಖ್ಯೆ 200 ಆಗುತ್ತದೆ. ಭದ್ರತೆಗಾಗಿ ಒಂದು ಅರ್ಜಿ ನಮೂನೆಗೆ ಹೊಸ ಗುಪ್ತ ಕ್ಷೇತ್ರವನ್ನು ಸೇರಿಸಬೇಕಾದರೆ ಅದನ್ನು ಐದು ಕಡೆ ಸೇರಿಸಬೇಕು. ಒಂದು ಕಡೆ ಮರೆತರೆ ಆ ಥೀಮನ್ನು ಆರಿಸಿಕೊಂಡವರ ಅರ್ಜಿ ಮಾತ್ರ ತಿರಸ್ಕೃತವಾಗುತ್ತದೆ. ಉಳಿದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ದೂರು ಬಂದಾಗ ಕಾರಣ ಹುಡುಕುವುದು ಸುಲಭವಲ್ಲ.

ಶೈಲಿ ಹಾಳೆ ಮತ್ತು ವೇರಿಯಬಲ್‌ಗಳು

ಟೆಂಪ್ಲೇಟುಗಳನ್ನು ಎಲ್ಲರಿಗೂ ಒಂದೇ ಆಗಿ ಇರಿಸಿ, ಮೇಲಿನ ಹೊದಿಕೆಯನ್ನು ಮಾತ್ರ ಬದಲಿಸುವುದು ಇಂದಿನ ರೂಢಿ. ಇದನ್ನು ಸಾಧ್ಯವಾಗಿಸಿದ್ದು ಸಿಎಸ್‌ಎಸ್ ವೇರಿಯಬಲ್‌ಗಳು. 2014ರಲ್ಲಿ ಫೈರ್‌ಫಾಕ್ಸ್ 31, 2016ರಲ್ಲಿ ಕ್ರೋಮ್ 49 ಹಾಗೂ ಸಫಾರಿ 9.1 ಇವುಗಳನ್ನು ಅಳವಡಿಸಿಕೊಂಡವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೊನೆಯವರೆಗೂ ಅಳವಡಿಸಿಕೊಳ್ಳಲಿಲ್ಲ. ಶೈಲಿ ಹಾಳೆಯ ನೂರಾರು ನಿಯಮಗಳಲ್ಲಿ ಬಣ್ಣಗಳನ್ನು ನೇರವಾಗಿ ಬರೆಯುವ ಬದಲು ವೇರಿಯಬಲ್‌ನ ಹೆಸರನ್ನು ಬರೆಯಲಾಗುತ್ತದೆ. ಪುಟದ ಮೂಲ ಅಂಶದ ಮೇಲೆ ಥೀಮಿನ ಹೆಸರನ್ನು ಗುರುತಾಗಿ ಹಾಕಿದರೆ, ಆ ಗುರುತಿಗೆ ತಕ್ಕ ಮೌಲ್ಯಗಳು ಎಲ್ಲ ನಿಯಮಗಳಿಗೂ ಹರಿದುಬರುತ್ತವೆ. ಇಂಥ ವೇರಿಯಬಲ್‌ಗಳ ಹೆಸರು ಲ್ಯಾಟಿನ್ ಲಿಪಿಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ‘--ಹಿನ್ನೆಲೆ’, ‘--ಅಕ್ಷರ’ ಎಂಬ ಕನ್ನಡ ಹೆಸರುಗಳೂ ಸಿಂಧು.

ಹೆಸರಿಡುವಾಗ ಬಣ್ಣವನ್ನಲ್ಲ, ಪಾತ್ರವನ್ನು ಹೇಳಬೇಕೆಂಬುದು ಅನುಭವದಿಂದ ಬಂದ ನಿಯಮ. ‘--ನೀಲಿ’ ಎಂಬ ವೇರಿಯಬಲ್ ಗಾಢ ಥೀಮಿನಲ್ಲಿ ಹಳದಿಯಾದರೆ ಹೆಸರೇ ಸುಳ್ಳಾಗುತ್ತದೆ. ‘--ಕೊಂಡಿ’ ಎಂದಿದ್ದರೆ ಯಾವ ಥೀಮಿನಲ್ಲಿಯೂ ಗೊಂದಲವಿಲ್ಲ.

ವೇರಿಯಬಲ್‌ಗಳಿಂದ ಬಗೆಹರಿಯದ ಸಂಗತಿಗಳೂ ಇವೆ. ಪಾರದರ್ಶಕ ಹಿನ್ನೆಲೆಯ ಕಪ್ಪು ಲಾಂಛನ ಅಥವಾ ಚಿತ್ರರೂಪದ ಗಣಿತ ಸೂತ್ರ ಗಾಢ ಥೀಮಿನಲ್ಲಿ ಕಾಣದಂತಾಗುತ್ತದೆ. ಬ್ರೌಸರ್ ತಾನೇ ಬಿಡಿಸುವ ಜಾರುಪಟ್ಟಿ, ಆಯ್ಕೆಪೆಟ್ಟಿಗೆಗಳು ಬಿಳಿಯಾಗಿಯೇ ಉಳಿಯುತ್ತವೆ. ಇವಕ್ಕಾಗಿ ‘ಕಲರ್-ಸ್ಕೀಮ್’ ಎಂಬ ಗುಣವನ್ನು ಪ್ರತ್ಯೇಕವಾಗಿ ಘೋಷಿಸಬೇಕು.

ಆಯ್ಕೆಯನ್ನು ನೆನಪಿಡುವುದು

ಥೀಮಿನ ಹೆಸರನ್ನು ಎಲ್ಲಿ ಉಳಿಸಬೇಕೆಂಬ ಪ್ರಶ್ನೆಗೆ ಮೂರು ಉತ್ತರಗಳು ಬಳಕೆಯಲ್ಲಿವೆ. ದತ್ತಸಂಚಯದಲ್ಲಿ ಬಳಕೆದಾರರ ಖಾತೆಯೊಂದಿಗೆ ಉಳಿಸಿದರೆ ಅವರು ಯಾವ ಸಾಧನದಿಂದ ಲಾಗಿನ್ ಆದರೂ ಅದೇ ರೂಪ ಸಿಗುತ್ತದೆ, ಆದರೆ ಖಾತೆಯಿಲ್ಲದವರಿಗೆ ಇದು ಒದಗದು. ಕುಕಿಯಲ್ಲಿ ಉಳಿಸಿದರೆ ಖಾತೆ ಬೇಕಿಲ್ಲ ಮತ್ತು ಸರ್ವರಿಗೂ ಅದು ಪ್ರತಿ ಕೋರಿಕೆಯೊಡನೆ ತಲುಪುತ್ತದೆ. ಬ್ರೌಸರಿನ ಸ್ಥಳೀಯ ಸಂಗ್ರಹದಲ್ಲಿ ಉಳಿಸಿದರೆ ಸರ್ವರಿಗೆ ಅದರ ಅರಿವೇ ಇರುವುದಿಲ್ಲ.

ಈ ಕೊನೆಯ ವಿಧಾನದಲ್ಲಿ ಒಂದು ಪರಿಚಿತ ಕಿರಿಕಿರಿ ಇದೆ. ಸರ್ವರ್ ತಿಳಿ ಬಣ್ಣದ ಪುಟವನ್ನು ಕಳಿಸುತ್ತದೆ, ಬ್ರೌಸರ್ ಅದನ್ನು ತೋರಿಸುತ್ತದೆ, ಆಮೇಲೆ ಜಾವಾಸ್ಕ್ರಿಪ್ಟ್ ಎಚ್ಚೆತ್ತು ಗಾಢ ಥೀಮನ್ನು ಹಾಕುತ್ತದೆ. ಕತ್ತಲೆ ಕೋಣೆಯಲ್ಲಿ ಓದುತ್ತಿರುವವರ ಕಣ್ಣಿಗೆ ಪ್ರತಿ ಪುಟದಲ್ಲಿಯೂ ಬಿಳಿಯ ಮಿಂಚು ಹೊಡೆದಂತಾಗುತ್ತದೆ. ಇದನ್ನು ತಪ್ಪಿಸಲು ಥೀಮ್ ನಿರ್ಣಯಿಸುವ ಪುಟ್ಟ ಸ್ಕ್ರಿಪ್ಟನ್ನು ಪ್ರತ್ಯೇಕ ಕಡತವಾಗಿಸದೆ, ಪುಟದ ಶಿರೋಭಾಗದಲ್ಲಿಯೇ, ಉಳಿದೆಲ್ಲಕ್ಕಿಂತ ಮೊದಲು ಇರಿಸಲಾಗುತ್ತದೆ.

ಕುಕಿಯನ್ನು ಸರ್ವರ್ ಓದಿ ಸರಿಯಾದ ಪುಟವನ್ನೇ ಕಳಿಸಿದರೆ ಈ ಮಿಂಚು ಇರದು, ಆದರೆ ಕ್ಯಾಶ್ ವ್ಯವಸ್ಥೆ ಅಡ್ಡಬರುತ್ತದೆ. ಹೆಚ್ಚು ಓದುಗರಿರುವ ತಾಣಗಳು ಸಿದ್ಧಪಡಿಸಿದ ಪುಟವನ್ನು ನಡುವಣ ಸರ್ವರುಗಳಲ್ಲಿ ಇರಿಸಿ ಎಲ್ಲರಿಗೂ ಅದನ್ನೇ ಹಂಚುತ್ತವೆ. ಥೀಮಿಗೊಂದು ಪ್ರತಿಯಂತೆ ಇಡುತ್ತ ಹೋದರೆ ಕ್ಯಾಶ್‌ನ ಪ್ರಯೋಜನ ಕುಗ್ಗುತ್ತದೆ. ಇಡದಿದ್ದರೆ ಒಬ್ಬರ ಥೀಮ್ ಇನ್ನೊಬ್ಬರಿಗೆ ಹೋಗುತ್ತದೆ.

ಮೀಡಿಯಾವಿಕಿಯ ನಿದರ್ಶನ

ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶದ ಇತಿಹಾಸದಲ್ಲಿ ಮೇಲಿನ ಸಮಸ್ಯೆಗಳೆಲ್ಲವೂ ಒಂದೇ ಕಡೆ ಕಾಣಸಿಗುತ್ತವೆ. ಲಾಗಿನ್ ಆದ ಬಳಕೆದಾರರು ತಮ್ಮ ಪ್ರಾಶಸ್ತ್ಯಗಳಲ್ಲಿ ಸ್ಕಿನ್ ಆರಿಸುವ ಸೌಲಭ್ಯ ಇದರಲ್ಲಿ ಮೊದಲಿನಿಂದಲೂ ಇದೆ. 2004ರ 1.3ನೆಯ ಆವೃತ್ತಿಯೊಡನೆ ಬಂದ ಮೊನೊಬುಕ್ ಹಲವು ವರ್ಷ ವಿಕಿಪೀಡಿಯದ ಮುಖವಾಗಿತ್ತು. 2010ರಲ್ಲಿ ವೆಕ್ಟರ್ ಅದರ ಸ್ಥಾನಕ್ಕೆ ಬಂದಿತು. ಹಳೆಯ ರೂಪಕ್ಕೆ ಒಗ್ಗಿಹೋದ ಸಂಪಾದಕರು ಮೊನೊಬುಕ್ಕನ್ನೇ ಉಳಿಸಿಕೊಳ್ಳಲು ಸಾಧ್ಯವಾದುದು ಈ ಆಯ್ಕೆಯಿಂದಲೇ. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯವು ವೆಕ್ಟರ್ 2022ಕ್ಕೆ ಬದಲಾದಾಗಲೂ ಒಪ್ಪದವರಿಗೆ ಹಿಂದಿನ ವೆಕ್ಟರಿಗೆ ಮರಳುವ ದಾರಿ ತೆರೆದಿತ್ತು. ಇದಲ್ಲದೆ ಪ್ರತಿಯೊಬ್ಬ ನೋಂದಾಯಿತ ಬಳಕೆದಾರರೂ ತಮ್ಮದೇ ಸಿಎಸ್‌ಎಸ್ ಪುಟವನ್ನು ಬರೆದಿಟ್ಟುಕೊಳ್ಳಬಹುದು. ಅದು ಅವರೊಬ್ಬರಿಗೆ ಮಾತ್ರ ಅನ್ವಯಿಸುತ್ತದೆ.

ಆಯ್ಕೆಗಳು ಹೆಚ್ಚಿದಂತೆ ಹೊರೆಯೂ ಹೆಚ್ಚಿತು. 2013ರ 1.22ನೆಯ ಆವೃತ್ತಿಯಲ್ಲಿ ಕ್ಲಾಸಿಕ್, ನೊಸ್ಟಾಲ್ಜಿಯಾ ಮೊದಲಾದ ಹಳೆಯ ಸ್ಕಿನ್‌ಗಳನ್ನು ಮೂಲ ತಂತ್ರಾಂಶದಿಂದ ಕೈಬಿಡಲಾಯಿತು.

ಖಾತೆಯಿಲ್ಲದ ಓದುಗರಿಗೆ ಬಹುಕಾಲ ಯಾವ ಆಯ್ಕೆಯೂ ಇರಲಿಲ್ಲ. ಅವರಿಗೆ ಕ್ಯಾಶ್‌ನಿಂದ ಬರುವ ಒಂದೇ ಪ್ರತಿ ಸಲ್ಲುತ್ತಿತ್ತು. 2024ರಲ್ಲಿ ವಿಕಿಪೀಡಿಯಕ್ಕೆ ಗಾಢ ರೂಪ ಬಂದಾಗ ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಎಲ್ಲರಿಗೂ ಅದೇ ಪುಟ ಹೋಗುತ್ತದೆ. ಅದರ ಶಿರೋಭಾಗದಲ್ಲಿರುವ ಸ್ಕ್ರಿಪ್ಟು ಕುಕಿಯನ್ನು ಓದಿ, ಪುಟ ಬಿಡಿಸುವ ಮುನ್ನವೇ, ಮೂಲ ಅಂಶದ ಮೇಲಿನ ಗುರುತನ್ನು ಬದಲಿಸುತ್ತದೆ. ನಿಜವಾದ ಕಷ್ಟ ಎದುರಾದುದು ಲೇಖನಗಳ ಒಳಗೆ. ಮಾಹಿತಿ ಚೌಕಗಳು ಮತ್ತು ಕೋಷ್ಟಕಗಳಲ್ಲಿ ಸಂಪಾದಕರು ವರ್ಷಗಟ್ಟಲೆ ಬಣ್ಣಗಳನ್ನು ನೇರವಾಗಿ ಬರೆದಿದ್ದರು. ತಿಳಿ ಹಿನ್ನೆಲೆಯನ್ನು ನಮೂದಿಸಿ ಅಕ್ಷರದ ಬಣ್ಣವನ್ನು ನಮೂದಿಸದ ಕಡೆಗಳಲ್ಲಿ, ಗಾಢ ಥೀಮಿನ ತಿಳಿ ಅಕ್ಷರಗಳು ತಿಳಿ ಹಿನ್ನೆಲೆಯ ಮೇಲೆ ಬಿದ್ದು ಓದಲಾಗದಂತಾದವು. ಹಿನ್ನೆಲೆ ಕೊಟ್ಟಲ್ಲೆಲ್ಲ ಅಕ್ಷರದ ಬಣ್ಣವನ್ನೂ ಕೊಡಬೇಕೆಂಬ ಸೂಚನೆ ಅನಂತರ ಬಂದಿತು.

ಭದ್ರತೆ

ಥೀಮಿನ ಹೆಸರು ಬಳಕೆದಾರರ ಕಡೆಯಿಂದ ಬರುವ ಮಾಹಿತಿ. ಕುಕಿಯನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಅದನ್ನು ನಂಬಲಾಗದು. ಕುಕಿಯಲ್ಲಿರುವ ಪದವನ್ನು ಹಾಗೆಯೇ ಕಡತದ ವಿಳಾಸಕ್ಕೆ ಜೋಡಿಸುವ ಅನ್ವಯದಲ್ಲಿ, ಆ ಪದದ ಬದಲು ‘../../’ ಎಂದು ಆರಂಭವಾಗುವ ವಿಳಾಸವನ್ನು ಇಟ್ಟರೆ ಸರ್ವರಿನ ಬೇರೆ ಕಡತಗಳು ಹೊರಬೀಳಬಹುದು. ಅನುಮತಿಸಿದ ಥೀಮ್‌ಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಅದರಲ್ಲಿಲ್ಲದ ಹೆಸರು ಬಂದರೆ ಪೂರ್ವನಿಯೋಜಿತ ಥೀಮನ್ನು ಬಳಸುವುದು ಸಾಕಷ್ಟು ರಕ್ಷಣೆ ನೀಡುತ್ತದೆ. ಥೀಮ್ ಬದಲಿಸಿದ ಮೇಲೆ ಹಿಂದಿನ ಪುಟಕ್ಕೆ ಮರಳಿಸುವ ವಿಳಾಸವನ್ನೂ ಹೀಗೆಯೇ ಪರಿಶೀಲಿಸಬೇಕು. ಇಲ್ಲವಾದರೆ ಆ ಕೊಂಡಿಯನ್ನು ಬಳಸಿ ಓದುಗರನ್ನು ವಂಚಕ ತಾಣಗಳಿಗೆ ಕಳಿಸಬಹುದು.

ಸಿದ್ಧ ಥೀಮ್‌ಗಳಿಂದ ಆರಿಸಲು ಬಿಡುವುದು ಬೇರೆ, ಇತರರೂ ನೋಡುವ ಪುಟಕ್ಕೆ ತಮ್ಮದೇ ಶೈಲಿಯನ್ನು ಬರೆಯಲು ಬಿಡುವುದು ಬೇರೆ. ಮೈಸ್ಪೇಸ್ ತಾಣವು ಸದಸ್ಯರಿಗೆ ತಮ್ಮ ಪುಟಗಳನ್ನು ಎಚ್‌ಟಿಎಮ್‌ಎಲ್ ಮತ್ತು ಸಿಎಸ್‌ಎಸ್‌ಗಳಿಂದ ಸಿಂಗರಿಸಲು ಬಿಟ್ಟಿತ್ತು. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಕಾಮ್ಕಾರ್ ರಚಿಸಿದ ‘ಸ್ಯಾಮಿ’ ಎಂಬ ಹುಳುವು ಶೈಲಿಯ ಒಳಗೆ ಅಡಗಿಸಿದ ಜಾವಾಸ್ಕ್ರಿಪ್ಟ್ ಮೂಲಕ ಒಂದು ದಿನ ತುಂಬುವಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರ ಪುಟಗಳಿಗೆ ಹರಡಿತು.

ಸುಲಭಗಮ್ಯತೆ

ವೆಬ್ ಪುಟಗಳ ಸುಲಭಗಮ್ಯತೆಗೆ ಸಂಬಂಧಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯು ಸಾಮಾನ್ಯ ಪಠ್ಯಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1ರಷ್ಟು ವ್ಯತ್ಯಾಸದ ಅನುಪಾತವನ್ನು ಎರಡನೆಯ ದರ್ಜೆಯಲ್ಲಿಯೂ, ಸಾಮಾನ್ಯ ಪಠ್ಯಕ್ಕೆ 7:1ನ್ನು ಅತ್ಯುನ್ನತ ದರ್ಜೆಯಲ್ಲಿಯೂ ನಿಗದಿಪಡಿಸಿದೆ. ಬಿಳಿಯ ಮೇಲೆ ಕಪ್ಪಿನ ಅನುಪಾತ 21:1. ವಿನ್ಯಾಸಕಾರರು ಇಷ್ಟಪಡುವ 777777 ಸಂಕೇತದ ಬೂದು ಬಣ್ಣ ಬಿಳಿಯ ಮೇಲೆ 4.48ಕ್ಕೆ ನಿಂತು ಕೂದಲೆಳೆಯಲ್ಲಿ ಅನುತ್ತೀರ್ಣವಾಗುತ್ತದೆ, 767676 ಉತ್ತೀರ್ಣವಾಗುತ್ತದೆ. ಒಂದು ಥೀಮಿನಲ್ಲಿ ಸರಿಯಿದ್ದ ಬಣ್ಣಗಳು ಇನ್ನೊಂದರಲ್ಲಿಯೂ ಸರಿಯಿರುತ್ತವೆ ಎನ್ನಲಾಗದು. ಆದ್ದರಿಂದ ಪ್ರತಿಯೊಂದು ಥೀಮನ್ನೂ ಪ್ರತ್ಯೇಕವಾಗಿ ಅಳೆಯಬೇಕು.

ಗಾಢ ಥೀಮ್ ಎಲ್ಲರ ಕಣ್ಣಿಗೂ ಹಿತ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಪೂರ್ಣ ಸತ್ಯವಲ್ಲ. ಸಹಜ ದೃಷ್ಟಿಯುಳ್ಳವರು ತಿಳಿ ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರಗಳನ್ನು ಹೆಚ್ಚು ನಿಖರವಾಗಿ ಓದುತ್ತಾರೆಂದು ಅಧ್ಯಯನಗಳು ತೋರಿಸಿವೆ. ಕಣ್ಣಿನ ಪೊರೆಯಂಥ ತೊಂದರೆ ಇರುವವರಲ್ಲಿ ಹಲವರಿಗೆ ಇದರ ವಿರುದ್ಧವಾದುದೇ ಅನುಕೂಲ. ಯಾವುದೋ ಒಂದನ್ನು ಎಲ್ಲರ ಮೇಲೂ ಹೇರದೆ ಆಯ್ಕೆ ನೀಡಬೇಕೆಂಬ ವಾದದ ಆಧಾರ ಇದೇ. ವಿಂಡೋಸ್‌ನ ಅಧಿಕ ವ್ಯತ್ಯಾಸದ ವಿಧಾನವನ್ನು ಬಳಸುವವರಿಗೆ ಬ್ರೌಸರ್ ಪುಟದ ಬಣ್ಣಗಳನ್ನು ತಾನೇ ಬದಲಿಸುತ್ತದೆ. ಅಂಥ ಸಂದರ್ಭದಲ್ಲಿ ಅನ್ವಯದ ಥೀಮ್ ಹಿಂದೆ ಸರಿಯಬೇಕು.

ಕನ್ನಡ ಲಿಪಿ ಮತ್ತು ಥೀಮ್‌ಗಳು

ಯೂನಿಕೋಡ್ ನೆಲೆಗೊಳ್ಳುವ ಮುನ್ನ ಅನೇಕ ಕನ್ನಡ ಜಾಲತಾಣಗಳಲ್ಲಿ ಪಠ್ಯವನ್ನು ನಿರ್ದಿಷ್ಟ ಅಕ್ಷರಶೈಲಿಯೊಂದರ ಸಂಕೇತಗಳಲ್ಲಿಯೇ ಉಳಿಸಲಾಗುತ್ತಿತ್ತು. ಕಡತದಲ್ಲಿರುತ್ತಿದ್ದುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವು ಕನ್ನಡವಾಗಿ ಕಾಣುತ್ತಿದ್ದುದು ಆ ಅಕ್ಷರಶೈಲಿಯ ಬಲದಿಂದ. ಇಂಥ ತಾಣದಲ್ಲಿ ಥೀಮ್ ಬದಲಿಸಿ ಬೇರೆ ಅಕ್ಷರಶೈಲಿಯನ್ನು ಹಾಕಿದರೆ ಪಠ್ಯವೇ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಅಲ್ಲಿ ಅಕ್ಷರಶೈಲಿಯು ತೋರಿಕೆಯಾಗಿರಲಿಲ್ಲ, ಮಾಹಿತಿಯ ಭಾಗವೇ ಆಗಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಬಳಕೆ ವ್ಯಾಪಕವಾದ ಮೇಲಷ್ಟೇ ಕನ್ನಡ ತಾಣಗಳಲ್ಲಿ ಅಕ್ಷರಶೈಲಿಯನ್ನು ನಿರಾತಂಕವಾಗಿ ಬದಲಿಸುವುದು ಸಾಧ್ಯವಾಯಿತು. ವಿಕಿಮೀಡಿಯ ಯೋಜನೆಗಳಲ್ಲಿ ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಎಂಬ ವಿಸ್ತರಣೆಯು ಓದುಗರಿಗೆ ಅಕ್ಷರಶೈಲಿಯ ಆಯ್ಕೆಯನ್ನೂ ಒದಗಿಸುತ್ತದೆ.

ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ರಚಿಸಿದ ಥೀಮ್‌ಗಳು ಕನ್ನಡಕ್ಕೆ ಹಾಗೆಯೇ ಹೊಂದುವುದಿಲ್ಲ. ಶೀರ್ಷಿಕೆಗಳನ್ನು ದೊಡ್ಡಕ್ಷರಗಳಿಗೆ ಬದಲಿಸಿ ಎತ್ತಿ ತೋರಿಸುವ ನಿಯಮಕ್ಕೆ ಕನ್ನಡದಲ್ಲಿ ಅರ್ಥವಿಲ್ಲ, ಏಕೆಂದರೆ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಓರೆ ಅಕ್ಷರಗಳ ಪ್ರತ್ಯೇಕ ರೂಪ ಅಕ್ಷರಶೈಲಿಯಲ್ಲಿ ಇಲ್ಲದಿದ್ದಾಗ ಬ್ರೌಸರ್ ಇರುವ ರೂಪವನ್ನೇ ವಾಲಿಸುತ್ತದೆ, ಓದು ತೊಡಕಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ಅಂತರ ಕಡಿಮೆಯಿದ್ದರೆ ಅವು ಮುಂದಿನ ಸಾಲಿಗೆ ತಾಗುತ್ತವೆ, ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದ ಗುಂಡಿ ಮತ್ತು ಮೆನುಗಳಲ್ಲಿ ಕತ್ತರಿಸಿಹೋಗುವುದೂ ಉಂಟು. ಸಾಲಿನ ಅಂತರವನ್ನು ಕೂಡ ವೇರಿಯಬಲ್ ಆಗಿಸಿ, ಪುಟದ ಭಾಷೆ ಕನ್ನಡವೆಂದು ಘೋಷಿತವಾಗಿರುವಲ್ಲಿ ಅದಕ್ಕೆ ಹೆಚ್ಚಿನ ಮೌಲ್ಯವನ್ನು ಕೊಟ್ಟರೆ, ಎಲ್ಲ ಥೀಮ್‌ಗಳಿಗೂ ಒಂದೇ ಕಡೆ ಪರಿಹಾರ ಸಿಗುತ್ತದೆ.